ಇಟ್ಟಿಗೆ ಒಲೆಯ ಮಸಿ: ಒಂದು ಬೋಧನಾಭ್ಯಾಸ ಪಾಠ

ಕುಮಾರಸ್ವಾಮಿ ಲೇಔಟ್‌ನ ಪ್ರೌಢಶಾಲೆಯೊಂದರಲ್ಲಿ 8ನೇ ತರಗತಿಗೆ ‘ದಹನ ಮತ್ತು ಜ್ವಾಲೆ’ ಪಾಠವನ್ನು ಬಚ್ಚಲುಮನೆಯ ಇಟ್ಟಿಗೆ ಒಲೆಯಿಂದಲೇ ಆರಂಭಿಸಿದೆ. ಹಳೆಯ ಬಂಗಲೆಗಳ ಅಗ್ಗಿಷ್ಟಿಕೆ ಮಕ್ಕಳಿಗೆ ಚಿತ್ರದಲ್ಲಷ್ಟೇ ಪರಿಚಯ. ಅಜ್ಜಿಯ ಊರಿನ ಹಂಡೆ ಒಲೆ ಹಲವರಿಗೆ ಗೊತ್ತು.

ಮಸಿ ತೆಗೆಯುವುದು ಹೇಗೆಂದು ಕೇಳಿದಾಗ ಬಂದ ಉತ್ತರ: “ನೀರು ಹಾಕಿ ಉಜ್ಜೋದು ಮಿಸ್.” ಮಸಿ ಹಿಡಿದ ಎರಡು ಇಟ್ಟಿಗೆ ಚೂರು ಕೊಟ್ಟೆ. ಒಂದು ಗುಂಪು ನೇರವಾಗಿ ನೀರು ಹಾಕಿತು; ಇನ್ನೊಂದು ಒಣ ಬ್ರಷ್‌ನಿಂದ ಉದುರಿಸಿ, ಆಮೇಲೆ ಸೋಪಿನ ನೀರು ಬಳಸಿತು. ಮೊದಲನೆಯದರಲ್ಲಿ ಕಪ್ಪು ಒಳಗಿಳಿದು ಕಲೆ ಹರಡಿತು. ಮಸಿ ಪೂರ್ತಿ ಉರಿಯದ ಇಂಗಾಲ, ಇಟ್ಟಿಗೆ ರಂಧ್ರಮಯ ಎಂಬೆರಡನ್ನೂ ಮಕ್ಕಳೇ ಹೇಳಿದರು.

“ನಮ್ಮಮ್ಮ ಆಸಿಡ್ ಹಾಕ್ತಾರೆ” ಎಂದನೊಬ್ಬ. ಮನೆಯ ರೂಢಿಯನ್ನು ತರಗತಿಯಲ್ಲಿ ತಪ್ಪೆನ್ನುವುದು ನನಗೆ ಸರಿ ಕಾಣಲಿಲ್ಲ. ಸುಣ್ಣದ ಗಾರೆಯ ಚೂರಿನ ಮೇಲೆ ನಿಂಬೆರಸ ಹನಿಸಿದೆ, ಗುಳ್ಳೆ ಎದ್ದವು. “ಹಾಗಾದ್ರೆ ಗಾರೇನೇ ಹೋಗುತ್ತೆ” ಎಂದು ಅವನೇ ಹೇಳಿದ.

ಹೆಚ್ಚು ಸಮಯ ಕೊಟ್ಟದ್ದು ಹೊಗೆ ಕೊಳವೆಗೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಅಸ್ತ್ರ ಒಲೆಗೂ ಕೊಳವೆಯುಂಟು. ಮಸಿ ಕಟ್ಟಿದರೆ ಎಳೆತ ಕುಗ್ಗಿ ಹೊಗೆ ಒಳಗೇ ತಿರುಗುತ್ತದೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮೋನಾಕ್ಸೈಡ್ ಪ್ರಾಣಕ್ಕೇ ಎರವಾಗಬಲ್ಲದು. ಜ್ವಾಲೆಯ ವಲಯಗಳನ್ನು ಮುಂದಿನ ಅವಧಿಗೆ ಬಿಟ್ಟೆ, ಏಕೆಂದರೆ ಆಗಲೇ ಹುಡುಗಿಯೊಬ್ಬಳು ಕೇಳಿದ್ದಳು: “ನಮ್ಮನೆ ಗ್ಯಾಸ್ ಗೀಸರ್‌ಗೂ ಹೀಗೇನಾ ಮಿಸ್?” ಹೌದೆಂದೆ. ಬಚ್ಚಲ ಕಿಟಕಿ ತೆರೆದಿದೆಯೇ ಎಂದು ಮನೆಯಲ್ಲಿ ನೋಡಿಬರುವುದೇ ಅಂದಿನ ಮನೆಗೆಲಸವಾಯಿತು.