ಮದ್ದೂರಲ್ಲಿ ಸೊನ್ನೆ, ಆದರೂ ಮೊತ್ತ ನಿಲ್ಲಲ್ಲ!

ಫೋರಿಯರ್ ಸರಣಿ ಅಂದರೆ ನಮಗೆ ನೆನಪಾಗೋದು ಮ್ಯಾಥ್ಸ್ ಪೇಪರ್. ಕೋಎಫಿಶಿಯಂಟ್ ಹುಡುಕಿ, ಸೂತ್ರಕ್ಕೆ ಹಾಕಿ, ಮುಂದಿನ ಪ್ರಶ್ನೆಗೆ ಹೋಗ್ತೀವಿ. ಸರಣಿ ನಿಜಕ್ಕೂ ಫಂಕ್ಷನ್ನಿನ ಬೆಲೆಗೆ ಬಂದು ಸೇರುತ್ತಾ ಅಂತ ಕೇಳೋದು ಕಡಿಮೆ. ಎರಡು ಚರಗಳಿಗೆ ಬಂದಾಗ ಕೇಳಲೇಬೇಕು.

ಮೊದಲು ಒಂದು ಚರ. ಮದ್ದೂರು ಸೊನ್ನೆ ಬಿಂದು, ಮಂಡ್ಯದ ಕಡೆಗಿನ ಗೆರೆ ಎಕ್ಸ್ ಅಕ್ಷ ಅಂದುಕೊಳ್ಳೋಣ. ಮದ್ದೂರಿನ ಆಸುಪಾಸಿನಲ್ಲಿ ಫಂಕ್ಷನ್ ಸೊನ್ನೆಯಾಗಿದ್ದರೆ, ಮಂಡ್ಯದಲ್ಲಿ ಅದು ಎಷ್ಟೇ ಕುಣಿದರೂ ಮದ್ದೂರಿನಲ್ಲಿ ಸರಣಿ ಸೊನ್ನೆಗೇ ಬರುತ್ತದೆ. ಇದು ರೀಮಾನ್ ಅವರ ಲೋಕಲೈಸೇಷನ್ ತತ್ವ.

ಈಗ ವೈ ಅಕ್ಷ ಸೇರಿಸೋಣ. ಮ್ಯಾಪ್ ನೋಡಿ: ಮದ್ದೂರಿನಿಂದ ಮಂಡ್ಯ ಹೆಚ್ಚುಕಡಿಮೆ ಪಶ್ಚಿಮಕ್ಕೆ, ಮಳವಳ್ಳಿ ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ. ಎಕ್ಸ್ ಕಡೆ ಎಂ ವರೆಗೆ, ವೈ ಕಡೆ ಎನ್ ವರೆಗೆ ಪದಗಳನ್ನು ಕೂಡಿದರೆ ಅದು ಆಯತ ಮೊತ್ತ. ಎಂ, ಎನ್ ಒಂದೇ ಆದರೆ ಚೌಕ ಮೊತ್ತ.

ಜಿ(ಎಕ್ಸ್) ಅನ್ನೋದು ಮಂಡ್ಯದ ಹತ್ತಿರ ಮಾತ್ರ ನಯವಾಗಿ ಉಬ್ಬಿದ ಫಂಕ್ಷನ್, ಉಳಿದೆಡೆ ಸೊನ್ನೆ. ಎಚ್(ವೈ) ಅನ್ನೋದು 1873ರಲ್ಲಿ ದು ಬ್ವಾ-ರೇಮಂಡ್ ತೋರಿಸಿದ ಬಗೆಯದು: ಅವಿಚ್ಛಿನ್ನ, ಆದರೂ ಸೊನ್ನೆ ಬಿಂದುವಿನಲ್ಲಿ ಅದರ ಮೊತ್ತಗಳಿಗೆ ಮಿತಿಯಿಲ್ಲ. ಎರಡನ್ನೂ ಗುಣಿಸಿ. ಮದ್ದೂರಿನ ಸುತ್ತ ಬರೀ ಸೊನ್ನೆ, ಸರಿ ತಾನೆ?

ಆದರೆ ಆಯತ ಮೊತ್ತ ಅಂದರೆ ಜಿ ಮೊತ್ತ ಗುಣಿಸು ಎಚ್ ಮೊತ್ತ. ಮದ್ದೂರಿನಲ್ಲಿ ಜಿ ಮೊತ್ತ ಸೊನ್ನೆಯತ್ತ ಹೋಗುತ್ತೆ ನಿಜ, ಆದರೆ ಅನಂತ ಸಂಖ್ಯೆಯ ಎಂಗಳಿಗೆ ಅದು ಸೊನ್ನೆ ಅಲ್ಲ. ಅಂಥ ಯಾವ ಎಂ ಹಿಡಿದರೂ, ತಕ್ಕಷ್ಟು ದೊಡ್ಡ ಎನ್ ಆರಿಸಿ ಗುಣಲಬ್ಧದ ಗಾತ್ರವನ್ನು 1 ದಾಟಿಸಬಹುದು. ಅಲ್ಲಿಗೆ ಆಯತ ಮೊತ್ತ ಕನ್ವರ್ಜ್ ಆಗಲ್ಲ! ಚೌಕ ಮೊತ್ತದಲ್ಲಿ ಹಾಗಲ್ಲ. ಜಿ ಮೊತ್ತ ಬಲು ಬೇಗ ಕರಗುತ್ತೆ, ಎಚ್ ಮೊತ್ತ ಲಾಗ್ ಎನ್‌ಗಿಂತ ಜೋರಾಗಿ ಬೆಳೆಯಲ್ಲ. ಗುಣಲಬ್ಧ ಸೊನ್ನೆಗೆ ಬರುತ್ತದೆ. ಅದೇ ಸರಣಿ, ಅದೇ ಬಿಂದು. ಬದಲಾಗಿದ್ದು ಕೂಡುವ ಆಕಾರ ಮಾತ್ರ.

ಜಿ, ಎಚ್ ಅದಲುಬದಲು ಮಾಡಿದರೆ ತೊಂದರೆ ಮಳವಳ್ಳಿ ಕಡೆಯಿಂದ ಬರುತ್ತೆ. ಫಂಕ್ಷನ್ ಎರಡೂ ಅಕ್ಷಗಳಿಂದ ದೂರ, ನಾಗಮಂಗಲದ ದಿಕ್ಕಿನಲ್ಲಿ ಮಾತ್ರ ಇದ್ದರೆ ಚಿಂತೆಯಿಲ್ಲ.

ಇದು ಒಂದು ಬಿಂದುವಿನ ಕತೆ. 1971ರಲ್ಲಿ ಚಾರ್ಲ್ಸ್ ಫೆಫರ್ಮನ್ ಇನ್ನೂ ಮುಂದೆ ಹೋಗಿ, ಆಯತ ಮೊತ್ತ ಎಲ್ಲ ಬಿಂದುಗಳಲ್ಲೂ ಕನ್ವರ್ಜ್ ಆಗದ ಅವಿಚ್ಛಿನ್ನ ಫಂಕ್ಷನ್ ಕೊಟ್ಟರು. ಚೌಕ ಮೊತ್ತವಾದರೆ ಅವಿಚ್ಛಿನ್ನ ಫಂಕ್ಷನ್ನಿಗೆ ಬಹುತೇಕ ಎಲ್ಲ ಬಿಂದುಗಳಲ್ಲೂ ಕನ್ವರ್ಜ್ ಆಗುತ್ತದೆ. ವೃತ್ತದ ಆಕಾರದಲ್ಲಿ ಕೂಡಿದರೆ? ಆ ಪ್ರಶ್ನೆ ಇನ್ನೂ ಬಗೆಹರಿದಿಲ್ಲ.

ನಮಗೇನು ಉಪಯೋಗ ಅಂತೀರಾ? ಸಮನಾದ ಭಾರ ಹೊತ್ತ ಪ್ಲೇಟಿಗೆ ನೇವಿಯರ್ ವಿಧಾನದಲ್ಲಿ ಬಾಗುವಿಕೆಯ ಸರಣಿ ಅಬ್ಸಲ್ಯೂಟ್ ಆಗಿ ಕನ್ವರ್ಜ್ ಆಗುತ್ತೆ, ಹೇಗೆ ಕೂಡಿದರೂ ಉತ್ತರ ಒಂದೇ. ಆದರೆ ಭಾರದ ಸರಣಿಯ ಪದಗಳು 1/(ಎಂ·ಎನ್) ವೇಗದಲ್ಲಷ್ಟೇ ಇಳಿಯುತ್ತವೆ. ಆ ಭರವಸೆ ಅಲ್ಲಿಲ್ಲ. ಕೋಡ್‌ನಲ್ಲಿ ಎರಡು ಲೂಪ್ ಬರೆದ ಕೂಡಲೇ ನಾವು ಒಂದು ಆಕಾರ ಆರಿಸಿಬಿಟ್ಟಿರುತ್ತೇವೆ. ರನ್ ಕೊಡುವ ಮುಂಚೆ ಅದು ಯಾವುದು ಅಂತ ಒಮ್ಮೆ ನೋಡಿಕೊಳ್ಳೋಣ.