ಧರ್ಮಯುದ್ಧ: ಜೆರುಸಲೇಮಿನಿಂದ ಶ್ರೀರಂಗಪಟ್ಟಣಕ್ಕೆ
1095ರಲ್ಲಿ ಕ್ಲೆರ್ಮಾಂಟ್‌ನಲ್ಲಿ ಪೋಪ್ ಎರಡನೇ ಅರ್ಬನ್ ಕ್ರುಸೇಡಿಗೆ, ಅಂದರೆ ಧರ್ಮಯುದ್ಧಕ್ಕೆ, ಕರೆ ಕೊಟ್ಟ. 1099ರಲ್ಲಿ ಕ್ರುಸೇಡಿನ ಸೇನೆ ಜೆರುಸಲೇಮನ್ನು ಹಿಡಿಯಿತು, 1187ರಲ್ಲಿ ಸಲಾದೀನ್ ಮರಳಿ ಪಡೆದ. ಇಷ್ಟು ಎಲ್ಲ ಪರೀಕ್ಷಾ ಗೈಡುಗಳಲ್ಲೂ ಇದೆ. 1204ನ್ನು ಮರೆಯಬೇಡಿ: ನಾಲ್ಕನೇ ಕ್ರುಸೇಡ್ ಲೂಟಿ ಮಾಡಿದ್ದು ಕ್ರೈಸ್ತರದೇ ಕಾನ್‌ಸ್ಟಾಂಟಿನೋಪಲನ್ನು.

ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ಕೂತು ಓದುವವರಿಗೆ, ಧರ್ಮ ಮತ್ತು ರಾಜಕೀಯ ಹೀಗೆ ಬೆರೆತದ್ದಕ್ಕೆ ಹತ್ತಿರದ ಉದಾಹರಣೆ ಶ್ರೀರಂಗಪಟ್ಟಣ, ಸುಮಾರು 15 ಕಿ.ಮೀ. ದೂರ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತರಿಸಿದ. ಎರಡನೇ ಆಂಗ್ಲೋ-ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬುದು ಅವರ ಮೇಲಿನ ಆರೋಪ. ಬಲವಂತದ ಮತಾಂತರವೂ ನಡೆಯಿತು. ಹಾಗಾಗಿ ‘ಕಾರಣ ರಾಜಕೀಯವೋ ಧರ್ಮವೋ’ ಎಂದು ಕೇಳಿದರೆ, ಒಂದನ್ನೇ ಹಿಡಿದ ಉತ್ತರ ದುರ್ಬಲ. ಸೆರೆಯಾದವರ ಸಂಖ್ಯೆಯಲ್ಲಿ ದಾಖಲೆಗಳಿಗೆ ಒಮ್ಮತವಿಲ್ಲ. ಅಂಕಿ ಬರೆಯದಿರುವುದೇ ಕ್ಷೇಮ. ಇದೇ ಟಿಪ್ಪು, 1791ರಲ್ಲಿ ಮರಾಠಾ ಪಡೆಯ ಲೂಟಿಗೆ ಸಿಕ್ಕ ಶೃಂಗೇರಿ ಮಠಕ್ಕೆ ನೆರವು ಕಳಿಸಿದ.

ಮೈತ್ರಿಗಳಂತೂ ಧರ್ಮ ನೋಡಲಿಲ್ಲ. ಹೈದರಾಬಾದಿನ ನಿಜಾಮ ಇಂಗ್ಲಿಷರ ಕಡೆ. ಟಿಪ್ಪು ನೆಚ್ಚಿದ್ದು ಫ್ರೆಂಚರನ್ನು. ನೆಪೋಲಿಯನ್ 1798ರಲ್ಲಿ ಈಜಿಪ್ಟಿಗೆ ನುಗ್ಗಿದ ಮೇಲೆ ಒಟ್ಟೋಮನ್ ಸುಲ್ತಾನ ಮೂರನೇ ಸಲೀಂ, ಫ್ರೆಂಚರ ಸಹವಾಸ ಬಿಡುವಂತೆ ಟಿಪ್ಪುವಿಗೆ ಪತ್ರ ಬರೆದ. ಅದನ್ನು ತಲುಪಿಸಿದವರು ಇಂಗ್ಲಿಷರೇ! ಶ್ರೀರಂಗಪಟ್ಟಣದ ಕೋಟೆ ಇಂಗ್ಲಿಷರ ವಶವಾದದ್ದು 1799ರ ಮೇ 4ರಂದು. ಬದುಕುಳಿದ ಕ್ಯಾಥೊಲಿಕರಿಗೆ ಬಿಡುಗಡೆ ಸಿಕ್ಕಿದ್ದು ಆಮೇಲೆ.