ಕುಡಿತ ಬಿಟ್ಟವರ ಸಭೆ: ಅದನ್ನು ಅರಸುವ ಬಗೆ

ಮದ್ಯದ ಚಟವು ಕೇವಲ ದುರ್ನಡತೆಯಲ್ಲ; ಅದು ಚಿಕಿತ್ಸೆಯಿಂದ ಹತೋಟಿಗೆ ಬರುವ ಕಾಯಿಲೆ. ಕರ್ನಾಟಕದಲ್ಲಿ 2007ನೆಯ ಇಸವಿಯ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಆದರೂ ಚಟ ಹಿಡಿದವರಲ್ಲಿ ಹಲವರು ಬೇರೆ ಮದ್ಯಕ್ಕೆ ಹೊರಳಿದರು. ಅಂಗಡಿ ಮುಚ್ಚಿದ ಮಾತ್ರಕ್ಕೆ ಕಾಯಿಲೆ ವಾಸಿಯಾಗುವುದಿಲ್ಲ.

ಔಷಧೋಪಚಾರದಿಂದ ಶರೀರವು ಮದ್ಯದ ಹಿಡಿತದಿಂದ ಬಿಡಿಸಿಕೊಳ್ಳಲು ಸಾಮಾನ್ಯವಾಗಿ ಒಂದೆರಡು ವಾರ ಸಾಕು. ಆದರೆ ಮನೆಗೆ ಮರಳಿದಾಗ ಅದೇ ಗೆಳೆಯರು, ಅದೇ ಸಂತೆಯ ದಿನ, ಅದೇ ಕೂಲಿ ಬಟವಾಡೆಯ ಸಂಜೆ ಎದುರಾಗುತ್ತವೆ. ಆಗ ಬೇಕಾದುದು ಅದೇ ಕಷ್ಟವನ್ನು ಉಂಡು ಗೆದ್ದವರ ಸಹವಾಸ. ಅದು ದೊರೆಯುವ ಸ್ಥಳವೇ ಕುಡಿತ ಬಿಟ್ಟವರ ಸಭೆ.

ಮೊದಲು ವೈದ್ಯರು, ಅನಂತರ ಸಭೆ

ದಿನನಿತ್ಯ ಹೆಚ್ಚಾಗಿ ಕುಡಿಯುವವರು ಮದ್ಯವನ್ನು ಥಟ್ಟನೆ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರಾಹೀನತೆ ತಲೆದೋರಬಹುದು. ಕೆಲವರಿಗೆ ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರುವುದುಂಟು. ಎರಡರಿಂದ ನಾಲ್ಕನೆಯ ದಿನದಲ್ಲಿ ಬುದ್ಧಿಭ್ರಮಣೆಯಾಗಿ, ಇಲ್ಲದುದನ್ನು ಕಂಡಂತೆ ಮಾತನಾಡಬಹುದು. ಇದನ್ನು ದೆವ್ವದ ಕಾಟವೆಂದು ಬಗೆದು ಮನೆಯಲ್ಲಿರಿಸಿಕೊಂಡರೆ ಪ್ರಾಣಕ್ಕೇ ಅಪಾಯ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಆದುದರಿಂದ ಬಿಡುವ ಮುನ್ನವೇ ವೈದ್ಯರನ್ನು ಕಾಣುವುದು ಕ್ಷೇಮ.

ಈ ಸಭೆ ಎಂತಹುದು?

1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಕುಡಿತದಿಂದ ನೊಂದ ಇಬ್ಬರು ಸಂಧಿಸಿದರು. ಒಬ್ಬ ಷೇರು ವ್ಯವಹಾರದವನು, ಮತ್ತೊಬ್ಬ ಶಸ್ತ್ರವೈದ್ಯ. ಒಬ್ಬರಿಗೊಬ್ಬರು ತಮ್ಮ ಕಷ್ಟ ಹೇಳಿಕೊಳ್ಳುವುದರಿಂದಲೇ ಮದ್ಯದಿಂದ ದೂರವಿರಲು ಸಾಧ್ಯವೆಂದು ಅವರು ಕಂಡುಕೊಂಡರು. ಹೀಗೆ ಹುಟ್ಟಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಕೂಟವು ಇಂದು ನಮ್ಮ ದೇಶದಲ್ಲಿಯೂ ಇದೆ, ಜನರು ‘ಎ.ಎ. ಸಭೆ’ ಎನ್ನುತ್ತಾರೆ. ಇಲ್ಲಿ ಶುಲ್ಕವಿಲ್ಲ. ಕುಡಿತ ಬಿಡಬೇಕೆಂಬ ಬಯಕೆಯೊಂದೇ ಅರ್ಹತೆ. ಬಂದವರ ಗುರುತನ್ನು ಹೊರಗೆ ಹೇಳಬಾರದೆಂಬುದು ಕೂಟದ ನಿಯಮ. ಕೆಲವೆಡೆ ಸಭೆಯು ಚರ್ಚಿನ ಅಥವಾ ಶಾಲೆಯ ಕೊಠಡಿಯಲ್ಲಿ ನಡೆಯುತ್ತದೆ. ಆದರೆ ಅದು ಮತಪ್ರಚಾರವಲ್ಲ, ಯಾವ ಜಾತಿ ಮತದವರೂ ಹೋಗಬಹುದು.

ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಲ್ಲಿ ಕುಡಿತ ಬಿಟ್ಟವರು ‘ನವಜೀವನ ಸಮಿತಿ’ಗಳಲ್ಲಿ ಕೂಡುವುದೂ ಇದೇ ಉದ್ದೇಶದಿಂದ.

ಎಲ್ಲಿ ವಿಚಾರಿಸಬೇಕು?

1. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ಕೇಳಿರಿ.

2. ತಾಲ್ಲೂಕು ಆಸ್ಪತ್ರೆಗೆ ಮಾನಸಿಕ ರೋಗತಜ್ಞರು ಬರುವ ದಿನವನ್ನು ತಿಳಿದುಕೊಂಡು ಹೋಗಿರಿ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿಯೂ ಸಮೀಪದ ಸಭೆಯ ಬಗ್ಗೆ ವಿಚಾರಿಸಬಹುದು.

3. ಟೆಲಿ ಮಾನಸ್ ದೂರವಾಣಿ 14416 ಹಗಲಿರುಳೂ ಉಚಿತ; ಕನ್ನಡದಲ್ಲಿಯೇ ಮಾತನಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ವಿಚಾರಿಸುವಾಗ ಸಭೆಯ ವಾರ, ವೇಳೆ, ಭಾಷೆ ಇವಿಷ್ಟನ್ನೂ ಬರೆದುಕೊಳ್ಳಿರಿ. ಮನೆಯವರೂ ಬರಬಹುದಾದ ‘ತೆರೆದ ಸಭೆ’ಯೋ, ಕುಡಿತ ಬಿಡುವವರಿಗೆ ಮಾತ್ರ ಮೀಸಲಾದುದೋ ಎಂದೂ ಕೇಳಿರಿ. ಹಿಂದಿರುಗಲು ಕೊನೆಯ ಬಸ್ಸು ಎಷ್ಟು ಹೊತ್ತಿಗೆಂಬುದನ್ನು ಮೊದಲೇ ನೋಡಿಕೊಳ್ಳಿರಿ. ಮೊದಲ ದಿನ ಮಾತನಾಡಲೇಬೇಕೆಂದಿಲ್ಲ. ಕುಳಿತು ಕೇಳಿದರೂ ಸಾಕು. ಒಂದೇ ಸಭೆಯಿಂದ ಫಲವನ್ನು ನಿರ್ಣಯಿಸದೆ ಕೆಲವು ಬಾರಿ ಹೋಗಿ ನೋಡಿರಿ.

ಮನೆಯಾಕೆಯ ಪಾಲು

ಗಂಡನಿಗೆ ತಿಳಿಯದಂತೆ ಅನ್ನ ಸಾರಿನಲ್ಲಿ ಕುಡಿತ ಬಿಡಿಸುವ ಪುಡಿ, ಮಾತ್ರೆ ಬೆರೆಸುವ ಪದ್ಧತಿ ಕೆಲವೆಡೆ ಉಂಟು. ಇದು ಅತ್ಯಂತ ಅಪಾಯಕರ. ಡೈಸಲ್ಫಿರಾಮ್ ಮಾತ್ರೆ ಹೊಟ್ಟೆಯಲ್ಲಿರುವಾಗ ಮದ್ಯ ಸೇವಿಸಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದ ಒತ್ತಡ ಕುಸಿದು ಸಾವೂ ಸಂಭವಿಸಬಹುದು. ಅದನ್ನು ರೋಗಿಯ ಒಪ್ಪಿಗೆಯಿಂದ, ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಕೊಡಬೇಕು.

ಗಂಡನ ಕುಡಿತಕ್ಕೆ ಹೆಂಡತಿ ಕಾರಣಳಲ್ಲ. ಆತನನ್ನು ಸಭೆಗೆ ಎಳೆದೊಯ್ಯಲು ಆಕೆಗೆ ಸಾಧ್ಯವಾಗದಿದ್ದರೂ ತನಗಾಗಿ ನೆರವು ಪಡೆಯಬಹುದು. ಕುಡಿಯುವವರ ಮನೆಮಂದಿಗೆಂದೇ 1951ರಲ್ಲಿ ಆರಂಭವಾದ ‘ಆಲ್-ಅನಾನ್’ ಕೂಟಗಳು ನಮ್ಮ ದೇಶದಲ್ಲಿಯೂ ಇವೆ. ಹೊಡೆತವನ್ನು ಸಹಿಸಿಕೊಂಡಿರುವುದು ಸದ್ಗುಣವಲ್ಲ. ಅಂತಹ ಸಂದರ್ಭದಲ್ಲಿ ಮಹಿಳಾ ಸಹಾಯವಾಣಿ 181ಕ್ಕಾಗಲಿ, ತುರ್ತಾಗಿ 112ಕ್ಕಾಗಲಿ ಕರೆ ಮಾಡಬೇಕು. ಕುಡಿತದ ಚಟ ಹೆಂಡತಿಗೇ ಇದ್ದರೆ ಆಕೆಯೂ ಇದೇ ಚಿಕಿತ್ಸೆಗೆ, ಇದೇ ಸಭೆಗೆ ಅರ್ಹಳು. ಆಗ ಜೊತೆಗೆ ನಿಲ್ಲುವುದು ಗಂಡನ ಕರ್ತವ್ಯ.

ಸಭೆ ದೂರವಿದ್ದರೆ

ಹತ್ತಿರದಲ್ಲಿ ಸಭೆಯಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಮೇಲೆ ಹೇಳಿದ ಕೂಟವೂ ಇಬ್ಬರಿಂದಲೇ ಆರಂಭವಾಯಿತು. ನೆರೆಯೂರಿನಲ್ಲಿ ಕುಡಿತ ಬಿಟ್ಟು ಬಾಳುತ್ತಿರುವ ಒಬ್ಬರಿದ್ದರೂ ಅವರ ಒಪ್ಪಿಗೆ ಪಡೆದು ವಾರಕ್ಕೊಮ್ಮೆ ಕೂಡಿ ಕುಳಿತುಕೊಳ್ಳಬಹುದು. ನಡುವೆ ದೂರವಾಣಿಯಲ್ಲಿ ಮಾತನಾಡಬಹುದು. ಒಮ್ಮೆ ಜಾರಿ ಮತ್ತೆ ಕುಡಿದರೆ ಎಲ್ಲವೂ ಹಾಳಾಯಿತೆಂದು ತಿಳಿಯಬಾರದು. ಸಕ್ಕರೆ ಕಾಯಿಲೆಯಂತೆ ಇದೂ ಮರುಕಳಿಸಬಲ್ಲ ಕಾಯಿಲೆ. ನಾಚಿಕೆಯಿಂದ ಸಭೆಯನ್ನು ತಪ್ಪಿಸದೆ ಮುಂದಿನ ವಾರವೇ ಹೋಗಬೇಕು. ಬಹಳ ಕುಡಿದಿದ್ದರೆ ವೈದ್ಯರನ್ನೂ ಕಾಣಬೇಕು.

ಈ ಪಾಠವನ್ನು ಓದಿದ ದಂಪತಿಗಳು ಈ ವಾರದೊಳಗೆ ಒಂದು ಕೆಲಸ ಮಾಡಲಿ: ಸಮೀಪದ ಸಭೆಯ ಸ್ಥಳವನ್ನೂ ವೇಳೆಯನ್ನೂ ವಿಚಾರಿಸಿ, ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ.